ಪುಟ್ಟಿ, ಮೊಬೈಲಿನಿಂದ ಏನೂ ಅಳಿಸಬೇಡ

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ರಾತ್ರಿ ಹನ್ನೊಂದೂವರೆಗೆ ಹಾಕಿದ್ದೀಯ, ನಾನು ಒಂಬತ್ತಕ್ಕೇ ಮಲಗುವವನು. ಟೈಪ್ ಮಾಡುವುದಕ್ಕೆ ಕಣ್ಣು ಸಾಲುವುದಿಲ್ಲ, ಅದಕ್ಕೆ ಬಾಯಲ್ಲೇ ಹೇಳುತ್ತೇನೆ. ಉದ್ದ ಆಯ್ತು ಅಂತ ಅರ್ಧಕ್ಕೆ ನಿಲ್ಲಿಸಬೇಡ, ಪೂರ್ತಿ ಕೇಳು. ಗ್ರೂಪಿನಲ್ಲಿರುವ ಉಳಿದವರೂ ಕೇಳಿ.

ನಿಮ್ಮಪ್ಪನ ಅರವತ್ತರ ಶಾಂತಿಯ ವಿಡಿಯೋ ಎಲ್ಲ ನಿನ್ನ ಮೊಬೈಲಿನಲ್ಲಿದೆ. ಭಾನುವಾರ ಸಾಗರಕ್ಕೆ ಹೋಗುವಾಗ ಅತ್ತೆಗೆ ಡಿವಿಡಿ ಮಾಡಿಕೊಂಡು ಹೋಗಬೇಕು, ಅವಳ ಮನೆಯಲ್ಲಿರುವುದು ಹಳೇ ಪ್ಲೇಯರ್ ಒಂದೇ. ಹೊಸದಾಗಿ ತರಿಸಿದ ರೈಟರ್, ಅಂದರೆ ಡಿಸ್ಕ್ ಬರೆಯುವ ಮೆಷಿನ್, ಮನೆಯಲ್ಲಿರುವ ಡಿಸ್ಕ್ ಎಲ್ಲ ಚೆನ್ನಾಗಿ ಓದುತ್ತದೆ. ಬರೆಯಲು ಹೊರಟರೆ ಮಾತ್ರ ಶುರುವಿನಲ್ಲೇ ‘ಪವರ್ ಕ್ಯಾಲಿಬ್ರೇಷನ್ ಎರರ್’ ಅಂತ ನಿಂತುಬಿಡುತ್ತದೆ. ನಾಲ್ಕು ಡಿಸ್ಕ್ ಹಾಳಾಯ್ತು. ಮೊಬೈಲ್ ತುಂಬಿದೆ, ಡಿವಿಡಿ ಆದ ತಕ್ಷಣ ವಿಡಿಯೋ ಅಳಿಸಬೇಕು. ಮೆಷಿನ್ ಕೆಟ್ಟಿದೆಯಾ ದೊಡ್ಡಪ್ಪ, ವಾಪಸ್ ಕಳಿಸಲಾ ಅಂತ ಕೇಳಿದ್ದೀಯ. ಅಲ್ವಾ?

ಮೆಷಿನ್ ವಿಷಯ ಇರಲಿ. ಅಳಿಸಬೇಕು ಅಂದೆಯಲ್ಲ, ಅದನ್ನು ಓದಿ ನನಗೆ ಎದೆ ಧಸಕ್ಕೆಂದಿತು. ಅಳಿಸಬೇಡ ಮಾರಾಯ್ತಿ. ಡಿಸ್ಕ್ ಆಯ್ತು, ಟ್ರೇ ಹೊರಗೆ ಬಂತು ಅಂದ ಮಾತ್ರಕ್ಕೆ ಅಳಿಸಬೇಡ. ಬೇರೆ ಮೆಷಿನ್ನಿನಲ್ಲಿ ಹಾಕಿ, ಕೊನೆಯ ತನಕ ಓಡಿಸಿ ನೋಡುವವರೆಗೆ ಮೊಬೈಲಿನಲ್ಲಿರುವುದು ಮೊಬೈಲಿನಲ್ಲೇ ಇರಲಿ.

ನಮ್ಮ ಅಮ್ಮನ ಕ್ಯಾಸೆಟ್ ಕಥೆ ನಿನಗೆ ಅರ್ಧ ಗೊತ್ತು. ಪೂರ್ತಿ ನಾನು ಯಾರಿಗೂ ಹೇಳಿಲ್ಲ.

1989ರ ದೀಪಾವಳಿಯಲ್ಲಿ ಊರಿನ ಮನೆಯ ಜಗಲಿಯಲ್ಲಿ ಕೂತು ಅಮ್ಮನ ಹಾಡು ರೆಕಾರ್ಡ್ ಮಾಡಿದ್ದೆ. ತೊಂಬತ್ತು ನಿಮಿಷದ ಕ್ಯಾಸೆಟ್. ಹಸೆಗೆ ಕರೆಯುವ ಹಾಡು, ಎಣ್ಣೆ ಹಚ್ಚುವ ಹಾಡು, ಆರತಿ ಹಾಡು. ಮೊದಮೊದಲು ನಾಚಿಕೆ ಅವಳಿಗೆ. ಮೈಕಿನ ಕಡೆ ನೋಡುವುದಿಲ್ಲ, ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಆಮೇಲೆ ದನಿ ಬಿಟ್ಟು ಹಾಡಿದಳು. ಒಟ್ಟು 78 ನಿಮಿಷ. ಆರತಿ ಹಾಡು ಮುಗಿದ ಮೇಲೂ ನಾನು ಟೇಪ್ ನಿಲ್ಲಿಸಿರಲಿಲ್ಲ. ‘ಸಾಕು ಮಾಡೋ, ಒಲೆ ಮೇಲೆ ಹಾಲಿದೆ, ಉಕ್ಕುತ್ತೆ’ ಅಂತ ಎದ್ದುಹೋಗುತ್ತಾಳೆ. ಕಾಲ್ಗೆಜ್ಜೆ ಇಲ್ಲ, ಬಳೆ ಸದ್ದು ಮಾತ್ರ. ಆಮೇಲೆ ಒಳಗಿನಿಂದ ಪಾತ್ರೆ ಇಳಿಸಿದ ಸದ್ದು. ಅದೂ ಟೇಪಿನಲ್ಲಿ ಬಂದಿತ್ತು.

2002ರಲ್ಲಿ ನನ್ನ ಹತ್ತಿರ ಕಂಪ್ಯೂಟರ್ ಇತ್ತು, ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಸಿಡಿ ರೈಟರ್ ಇತ್ತು. ಕ್ಯಾಸೆಟ್ ಹಾಳಾಗುವ ಮೊದಲು ಸಿಡಿ ಮಾಡಿಬಿಡೋಣ ಅಂತ ಹೊರಟೆ. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರ್ ಹಾಕಿ ಪೂರ್ತಿ ಇಳಿಸಿಕೊಂಡೆ. ಆಗಿನ ವೇವ್ ಫೈಲ್, ನಿಮಿಷಕ್ಕೆ ಹತ್ತು ಎಂಬಿ. 78 ನಿಮಿಷ ಅಂದರೆ ಸುಮಾರು 790 ಎಂಬಿ. ನನ್ನ ಹಾರ್ಡ್ ಡಿಸ್ಕ್ ಇದ್ದದ್ದೇ 20 ಜಿಬಿ, ಅದೂ ತುಂಬಿತ್ತು. ಸಿಡಿಯಲ್ಲಿ ಹಿಡಿಸುವುದು 80 ನಿಮಿಷ. ಸರಿಯಾಗಿ ಹೊಂದುತ್ತದೆ, ಅಂಚಿನ ತನಕ ತುಂಬುತ್ತದೆ ಅಂತ ಖುಷಿಪಟ್ಟೆ. ಆ ಅಂಚೇ ಕೈ ಕೊಟ್ಟಿತು ನೋಡು.

ಬೇಗ ಆಗಲಿ ಅಂತ ಇರುವುದರಲ್ಲಿ ಜಾಸ್ತಿ ಸ್ಪೀಡ್ ಇಟ್ಟೆ. ಡಿಸ್ಕ್ ಕೂಡ ಅಗ್ಗದ್ದು, ಹೆಸರಿಲ್ಲದ್ದು. ಕೆಲವೇ ನಿಮಿಷದಲ್ಲಿ ಟ್ರೇ ಹೊರಗೆ ಬಂತು, ಬರೆದಿದ್ದು ಮುಗಿಯಿತು ಅಂತ ತೋರಿಸಿತು. ಪ್ಲೇಯರಿಗೆ ಹಾಕಿದೆ. ಮೊದಲನೇ ಹಾಡು ಚೆನ್ನಾಗಿ ಬಂತು, ಎರಡನೆಯದೂ ಬಂತು. ಸಾಕು ಅಂದುಕೊಂಡು ಮೇಲೆ ಕಾಗದದ ಸ್ಟಿಕರ್ ಅಂಟಿಸಿ, ಅಮ್ಮನ ಹೆಸರು ಬರೆದು ಬೀರುವಿನಲ್ಲಿ ಇಟ್ಟೆ. ಅವತ್ತೇ ರಾತ್ರಿ ಕಂಪ್ಯೂಟರಿನಿಂದ ಫೈಲ್ ಅಳಿಸಿದೆ. ಕ್ಯಾಸೆಟ್ ಊರಿಗೆ ವಾಪಸ್ ಹೋಯಿತು.

ಅಮ್ಮ ಹೋಗಿದ್ದು 2009ರಲ್ಲಿ. ಮುಂದಿನ ವರ್ಷ ವರ್ಷಾಂತಿಕದ ದಿನ ಊಟ ಮುಗಿದ ಮೇಲೆ, ಎಲ್ಲರೂ ಇದ್ದಾರೆ, ಅಮ್ಮನ ದನಿ ಕೇಳಿಸೋಣ ಅಂತ ಆ ಸಿಡಿ ಹಾಕಿದೆ. ನೀನು ಸಣ್ಣವಳು, ನಿಮ್ಮ ಅತ್ತೆ ನಿನ್ನನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದಳು. ಒಂದು ಗಂಟೆಗೂ ಜಾಸ್ತಿ ಹೊತ್ತು ಚೆನ್ನಾಗಿ ಓಡಿತು. 67ನೇ ನಿಮಿಷಕ್ಕೆ ಬಂದಾಗ ದನಿ ತುಂಡು ತುಂಡಾಗಲು ಶುರುವಾಯಿತು. ಟಿಕ್ ಟಿಕ್ ಅಂತ ಒಂದೇ ಕಡೆ ನಿಂತಿತು. ಒರೆಸಿ ಹಾಕಿದೆ, ಕಂಪ್ಯೂಟರಿಗೆ ಹಾಕಿದೆ. ಡ್ರೈವ್ ಗರಗರ ತಿರುಗುತ್ತದೆ, ನಿಧಾನ ಆಗುತ್ತದೆ, ಮತ್ತೆ ತಿರುಗುತ್ತದೆ. ಬರಲಿಲ್ಲ. ಕೊನೆಯ ಹನ್ನೊಂದು ನಿಮಿಷ ಹೋಯಿತು. ಆರತಿ ಹಾಡು ಹೋಯಿತು. ಹಾಲು ಉಕ್ಕುತ್ತೆ ಅಂದ ಮಾತು ಹೋಯಿತು.

ಯಾಕೆ ಹಾಗಾಯಿತು ಅಂತ ಆಮೇಲೆ ತಿಳಿದುಕೊಂಡೆ. ಸಿಡಿ, ಡಿವಿಡಿ ಎಲ್ಲ ಒಳಗಿನಿಂದ ಹೊರಗೆ ಬರೆಯುತ್ತಾ ಹೋಗುತ್ತವೆ. ಮೊದಲನೇ ಹಾಡು ನಡುವಿನ ತೂತಿನ ಹತ್ತಿರ, ಕೊನೆಯದು ಅಂಚಿನಲ್ಲಿ. ಅಂಚಿನ ಕಡೆ ಡಿಸ್ಕ್ ಜೋರಾಗಿ ಓಡುತ್ತದೆ, ಅದುರುವುದೂ ಅಲ್ಲೇ. ಅಗ್ಗದ ಡಿಸ್ಕಿನಲ್ಲಿ ಬಣ್ಣದ ಲೇಪ ಸರಿಯಾಗಿ ಕೂತಿರದಿದ್ದರೆ ಅದೂ ಅಂಚಿನಲ್ಲೇ ಜಾಸ್ತಿ. ಕಾಗದದ ಸ್ಟಿಕರ್ ಅಂಟಿಸಿದರೆ ತೂಕ ಒಂದು ಕಡೆ ವಾಲುತ್ತದೆ. ನಾನು ನೋಡಿದ್ದು ಮೊದಲನೇ ಹಾಡು. ಅದು ಚೆನ್ನಾಗಿಯೇ ಇರುತ್ತದೆ. ನೋಡಬೇಕಾಗಿದ್ದು ಕೊನೆಯದು.

ಆದರೂ ಅವತ್ತು ನಾನು ಅಷ್ಟು ಗಾಬರಿಯಾಗಲಿಲ್ಲ. ಕ್ಯಾಸೆಟ್ ಇದೆಯಲ್ಲ, ಮತ್ತೆ ಇಳಿಸಿಕೊಂಡರಾಯಿತು ಅಂದುಕೊಂಡೆ. ಅಟ್ಟ ಹತ್ತಿ ನೋಡಿದರೆ ಆ ತಗಡಿನ ಪೆಟ್ಟಿಗೆಯೇ ಇಲ್ಲ. ಸುಣ್ಣ ಬಳಿಯುವ ಮೊದಲು ಅಟ್ಟ ಖಾಲಿ ಮಾಡಿದಾಗ ಟೇಪ್ ರೆಕಾರ್ಡರ್, ಕ್ಯಾಸೆಟ್ ಎಲ್ಲ ಸೇರಿಸಿ ಗುಜರಿಯವನಿಗೆ ಹಾಕಿದ್ದರು. ಯಾರು ಹಾಕಿದರು ಅಂತ ನಾನು ಅವತ್ತೂ ಕೇಳಲಿಲ್ಲ, ಇವತ್ತೂ ಕೇಳುವುದಿಲ್ಲ. ಆದರೆ ಒಂದು ಫೋನ್ ಮಾಡಬಹುದಿತ್ತು. ಶಿವಮೊಗ್ಗದಿಂದ ಊರಿಗೆ ಎಷ್ಟು ದೂರ? ನಾನೇ ಬಂದು ತಗೊಂಡು ಹೋಗುತ್ತಿದ್ದೆ. ತಾಮ್ರದ ಹಂಡೆಗೆ, ಹಿತ್ತಾಳೆ ಕೊಳದಪ್ಪಲೆಗೆ ಪಾಲು ಕೇಳಿದವರು ಇದ್ದರು, ತೂಕ ಹಾಕಿ ಹಂಚಿಕೊಂಡರು. ಅಮ್ಮನ ದನಿ ಯಾರಿಗೆ ಬೇಕು ಅಂತ ಯಾರೂ ಕೇಳಲಿಲ್ಲ. ಹದಿನೈದು ವರ್ಷ ಮೇಲಾಯ್ತು, ನನಗೆ ಇವತ್ತಿಗೂ ಅದು ಗಂಟಲಲ್ಲೇ ಇದೆ. ಈ ಗ್ರೂಪಿನಲ್ಲಿ ದಿನಾ ಬೆಳಗ್ಗೆ ಹೂವಿನ ಚಿತ್ರ ಬರುತ್ತದೆ. ಅಮ್ಮನ ಒಂದು ಹಳೇ ಫೋಟೋ ಯಾರಾದರೂ ಹಾಕಿದ್ದೀರಾ? ಇರಲಿ ಬಿಡಿ. ಅಂದುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಿ.

ಹಾಗೆ ನೋಡಿದರೆ ಗುಜರಿಗೆ ಹಾಕಿದವರಿಗಿಂತ ಮೊದಲು ಅಳಿಸಿದವನು ನಾನು. 790 ಎಂಬಿ ಜಾಗಕ್ಕಾಗಿ ಅಳಿಸಿದೆ. ಅದಕ್ಕೇ ಪುಟ್ಟಿ, ಇನ್ನೊಂದು ಸಲ ಹೇಳುತ್ತೇನೆ. ಅತ್ತೆ ಮನೆಯ ಟಿವಿಯಲ್ಲಿ ಆ ಡಿವಿಡಿ ಕೊನೆಯ ಆರತಿ ತನಕ ಓಡುವವರೆಗೆ ಮೊಬೈಲಿನಿಂದ ಒಂದೇ ಒಂದು ವಿಡಿಯೋ ತೆಗೆಯಬೇಡ. ಅದರ ಜೊತೆಗೆ ಲ್ಯಾಪ್‌ಟಾಪಿಗೆ ಒಂದು ಪ್ರತಿ, ನಿಮ್ಮಣ್ಣನ ಪೆನ್‌ಡ್ರೈವಿಗೆ ಇನ್ನೊಂದು ಪ್ರತಿ ಹಾಕು.

ಅಯ್ಯೋ, ನೀನು ಕೇಳಿದ್ದು ರೈಟರ್ ಯಾಕೆ ಬರೆಯುತ್ತಿಲ್ಲ ಅಂತ. ಹೇಳುತ್ತೇನೆ ಇರು.

ನಿನ್ನ ಮೆಷಿನ್ ಕೆಟ್ಟಿದೆ ಅಂತ ನನಗೆ ಅನ್ನಿಸುವುದಿಲ್ಲ. ಡಿಸ್ಕ್ ಓದುವುದಕ್ಕೆ ಲೇಸರಿನ ಮಿಣುಕು ಬೆಳಕು ಸಾಕು. ಬರೆಯುವುದು ಅಂದರೆ ಆ ಬೆಳಕಿನಿಂದ ಡಿಸ್ಕಿನ ಬಣ್ಣವನ್ನು ಸುಡುವುದು, ಅದಕ್ಕೆ ಕರೆಂಟ್ ಜಾಸ್ತಿ ಬೇಕು. ಬರೆಯುವ ಮೊದಲು ಡ್ರೈವು ಡಿಸ್ಕಿನ ಒಳ ಅಂಚಿನಲ್ಲಿ ಒಂದು ಚೂರು ಸುಟ್ಟು ನೋಡುತ್ತದೆ, ಈ ಡಿಸ್ಕಿಗೆ ಎಷ್ಟು ಶಾಖ ಬೇಕು ಅಂತ. ದೋಸೆ ಹಾಕುವ ಮೊದಲು ಕಾವಲಿಗೆ ನೀರು ಚಿಮುಕಿಸಿ ನೋಡುವುದಿಲ್ಲವೇ, ಹಾಗೆ. ಆ ಪರೀಕ್ಷೆಯೇ ಸರಿ ಬರದಿದ್ದರೆ ಪವರ್ ಕ್ಯಾಲಿಬ್ರೇಷನ್ ಎರರ್ ಅನ್ನುತ್ತದೆ. ಕಾರಣ ಕರೆಂಟ್ ಸಾಲದಿರಬಹುದು, ಡಿಸ್ಕ್ ಒಗ್ಗದಿರಬಹುದು, ಲೆನ್ಸಿನ ಮೇಲೆ ಧೂಳಿರಬಹುದು. ಲೇಸರ್ ಸೋತಿರುವುದೂ ಉಂಟು, ಆದರೆ ಹೊಸ ಮೆಷಿನ್ನಿನಲ್ಲಿ ಅದು ಕೊನೆಗೆ ಯೋಚಿಸುವ ಮಾತು.

ಮೊದಲು ಕರೆಂಟ್ ನೋಡು. ನೀನು ಕಳಿಸಿದ ಫೋಟೋದಲ್ಲಿ ರೈಟರಿನ ವೈರ್ ಆ ಯುಎಸ್‌ಬಿ ಹಬ್‌ಗೆ, ಒಂದು ತೂತನ್ನು ನಾಲ್ಕು ಮಾಡುವ ಡಬ್ಬಿಗೆ, ಹೋಗಿದೆ. ಮೌಸೂ ಅದರಲ್ಲೇ, ಮೊಬೈಲ್ ಚಾರ್ಜೂ ಅದರಲ್ಲೇ. ಹಳೇ ಯುಎಸ್‌ಬಿ ತೂತು ಒಂದರಿಂದ ಬರುವುದೇ 500 ಮಿಲಿಆಂಪ್, ಅದನ್ನು ಮೂರು ಜನ ಹಂಚಿಕೊಂಡರೆ ರೈಟರಿಗೆ ಏನು ಉಳಿಯುತ್ತದೆ? ಹಬ್ ತೆಗೆದು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚು. ಒಳಗೆ ನೀಲಿ ಬಣ್ಣ ಇರುವ ತೂತಿದ್ದರೆ ಅದಕ್ಕೇ ಹಾಕು, ಅದರಲ್ಲಿ 900 ಸಿಗುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿಯೇ ಇರಲಿ, ಬ್ಯಾಟರಿಯಲ್ಲಿ ಓಡಿಸಬೇಡ. ನೂರಕ್ಕೆ ಎಂಬತ್ತು ಪಾಲು ನಿನ್ನ ತೊಂದರೆ ಇಲ್ಲೇ ಮುಗಿಯುತ್ತದೆ ಅಂತ ನನ್ನ ಮನಸ್ಸು ಹೇಳುತ್ತದೆ.

ಅದಕ್ಕೂ ಬಗ್ಗದಿದ್ದರೆ ಡಿಸ್ಕ್ ಬದಲಾಯಿಸು. ನಾಲ್ಕೂ ಒಂದೇ ಕಟ್ಟಿನಲ್ಲಿದ್ದವು ಅಂದೆ. ಆ ಕಟ್ಟಿನದೇ ಐದನೆಯದು ಹಾಕಿದರೆ ಅದೂ ಹೋಗುತ್ತದೆ. ಬೇರೆ ಕಂಪನಿಯದು ಎರಡೇ ಎರಡು ತಾ. ಡಿವಿಡಿ ಮೈನಸ್ ಆರ್ ಅನ್ನುವ ಬಗೆಯ ಡಿಸ್ಕ್ ಕೇಳಿ ತಗೋ, ಹಳೇ ಪ್ಲೇಯರುಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಲೆನ್ಸಿಗೆ, ಟ್ರೇ ಎಳೆದು ಕ್ಯಾಮೆರಾ ಒರೆಸುವ ಬ್ಲೋವರಿನಿಂದ ಎರಡು ಸಲ ಗಾಳಿ ಹಾಕು. ಬಾಯಿಂದ ಊದಬೇಡ, ಎಂಜಲು ಸಿಡಿಯುತ್ತದೆ.

ಸ್ಪೀಡ್ 4 ಇಡು. ಪೂರ್ತಿ ತುಂಬಿದ ಡಿಸ್ಕ್ ಆದರೆ ಹದಿನೈದು ನಿಮಿಷ ಹಿಡಿಯುತ್ತದೆ. ಹಿಡಿಯಲಿ. ಅಷ್ಟು ಹೊತ್ತು ಲ್ಯಾಪ್‌ಟಾಪಿನಲ್ಲಿ ಬೇರೇನೂ ಮಾಡಬೇಡ. ಬರೆದ ಮೇಲೆ ‘ವೆರಿಫೈ’, ಅಂದರೆ ಬರೆದದ್ದು ಸರಿ ಇದೆಯಾ ನೋಡಲಾ ಅಂತ ಕೇಳಿದರೆ ಹೌದು ಅನ್ನು. ಡಿಸ್ಕ್ ತಿರುಗಿಸಿ ಟ್ಯೂಬ್‌ಲೈಟಿಗೆ ಹಿಡಿದರೆ ಬರೆದ ಭಾಗ ಒಂದು ಬಣ್ಣ, ಖಾಲಿ ಭಾಗ ಇನ್ನೊಂದು ಬಣ್ಣ ಕಾಣುತ್ತದೆ. ಎಲ್ಲಿಯ ತನಕ ಬಂದಿದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ.

ಇನ್ನೊಂದು ಮರೆತಿದ್ದೆ. ಮೊಬೈಲಿನ ಫೈಲುಗಳನ್ನು ಹಾಗೇ ಎಳೆದು ಡಿಸ್ಕಿಗೆ ಹಾಕಿದರೆ ಅತ್ತೆಯ ಪ್ಲೇಯರಿಗೆ ಅರ್ಥ ಆಗುವುದಿಲ್ಲ. ಮೊದಲು ಅವನ್ನು ಡಿವಿಡಿ ವಿಡಿಯೋ ಆಗಿ ಮಾಡಬೇಕು. ಡಿವಿಡಿ ಸ್ಟೈಲರ್ ಅಂತ ಒಂದು ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಿಲ್ಲ, ಅದರಲ್ಲಿ ಮಾಡಿ ಅದರಿಂದಲೇ ಬರೆ. ಒಂದು ಡಿಸ್ಕಿಗೆ ಒಂದು ಗಂಟೆ, ಒಂದೂಕಾಲು ಗಂಟೆ ಸಾಕು. ಅಂಚಿನ ತನಕ ತುಂಬಬೇಡ. ಮಂಟಪದ್ದು ಒಂದು ಡಿಸ್ಕ್, ಊಟ ಉಪಚಾರದ್ದು ಇನ್ನೊಂದು ಮಾಡು. ಹೆಸರನ್ನು ಮಾರ್ಕರ್ ಪೆನ್ನಿನಲ್ಲಿ ಬರೆ, ಸ್ಟಿಕರ್ ಬೇಡ.

ನೇರವಾಗಿ ಚುಚ್ಚಿದ ಮೇಲೂ ಕರೆಂಟ್ ಸಾಲದಿದ್ದರೆ ನನ್ನ ಹತ್ತಿರ ಎರಡು ತಲೆಯ ಯುಎಸ್‌ಬಿ ವೈರ್ ಇದೆ. ಎರಡು ತೂತಿನಿಂದ ಒಟ್ಟಿಗೆ ಎಳೆಯುತ್ತದೆ. ಮೇಜಿನ ಡ್ರಾಯರಿನಲ್ಲೇ ಇದೆ, ಈಗ ತೆಗೆದಿಟ್ಟೆ. ಭದ್ರಾವತಿಯಿಂದ ನಿಮ್ಮಣ್ಣ ದಿನಾ ಇಲ್ಲಿಗೆ ಕೆಲಸಕ್ಕೆ ಬರುತ್ತಾನಲ್ಲ, ಸಂಜೆ ಮನೆಗೆ ಬಂದು ತಗೊಂಡು ಹೋಗಲಿ. ದೊಡ್ಡಮ್ಮ ಚಕ್ಕುಲಿ ಕಟ್ಟಿಟ್ಟಿದ್ದಾಳೆ, ಅದನ್ನೂ ಮರೆಯಬಾರದು ಅಂತ ಹೇಳು. ಭಾನುವಾರ ಅತ್ತೆ ಮನೆಯಲ್ಲಿ ಡಿವಿಡಿ ಹಾಕಿದಾಗ ನನಗೆ ಫೋನ್ ಮಾಡು. ಕೊನೆಯ ಆರತಿ ಬರುವ ತನಕ ನಾನು ಲೈನಿನಲ್ಲೇ ಇರುತ್ತೇನೆ.