ರಫ್ತು ಕಡತ ಇನ್ನೊಬ್ಬರಿಗೆ ಕೊಡುವುದು: ‘ಹಸ್ತಾಂತರ’ವೋ, ‘ಒಪ್ಪಿಸು’ವೋ?

ಕಾಫಿ ರಫ್ತು ಮಾಡುವ ಮಂಗಳೂರಿನ ಒಂದು ಸಣ್ಣ ಆಫೀಸಿನ ಸಾಫ್ಟ್‌ವೇರನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ (ರಫ್ತಿಗೆಂದು ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ) ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ, ಅಲ್ಲಿ ಯಾರೂ ಬೇರೆ ಹೆಸರಲ್ಲಿ ಕರೆಯೋದಿಲ್ಲ. ಸಿಕ್ಕಿಹಾಕಿಕೊಂಡಿರುವುದು ಒಂದೇ ಬಟನ್‌ನಲ್ಲಿ. ಕಡತ ನೋಡಿಕೊಳ್ಳುತ್ತಿದ್ದವರು ರಜೆ ಹಾಕಿದರೆ, ಇಲ್ಲವೇ ಕೆಲಸ ಬಿಟ್ಟರೆ, ಅವರ ಹೆಸರಲ್ಲಿ ಅರ್ಧಕ್ಕೆ ನಿಂತದ್ದೆಲ್ಲ ಇನ್ನೊಬ್ಬರ ಲಾಗಿನ್‌ಗೆ ಹೋಗಬೇಕು, ಅದೂ ಆ ಇನ್ನೊಬ್ಬರು ಸರಿ ಅಂದ ಮೇಲೆ.

ಮೊದಲು ‘ಹಸ್ತಾಂತರ’ ಅಂತ ಬರೆದೆ. ಕಂಪ್ಯೂಟರಿನಲ್ಲಿ ಹಸ್ತ ಎಲ್ಲಿಂದ ಬಂತು ಅನ್ನೋದು ನನ್ನ ತಕರಾರಲ್ಲ. ಆ ಪದದಲ್ಲಿ ತಗೊಳ್ಳುವವರು ಒಪ್ಪಿದರೋ ಇಲ್ಲವೋ ಗೊತ್ತಾಗೋದೇ ಇಲ್ಲ. ‘ವರ್ಗಾವಣೆ’ ಅಂದರೆ ಮೇಷ್ಟ್ರಿಗೆ ಬೇರೆ ಊರಿನ ಆರ್ಡರ್ ಬಂದ ಹಾಗಿದೆ. ‘ಪರಭಾರೆ’ ಅಂದರೆ ಜಮೀನೇ ಕೈಬಿಟ್ಟಂತೆ. ಆಫೀಸಿನವರ ಬಾಯಲ್ಲಿರುವುದು ‘ಚಾರ್ಜ್ ಕೊಡೋದು, ಚಾರ್ಜ್ ತಗೊಳ್ಳೋದು’. ಅರ್ಥಕ್ಕೆ ಇದೇ ಸರಿ, ಆದರೆ ಪರದೆಯಲ್ಲಿ ‘ಚಾರ್ಜ್’ ಕಂಡರೆ ಬ್ಯಾಟರಿ ನೆನಪಾಗುತ್ತೆ, ಇಲ್ಲವೇ ದುಡ್ಡು ಕೀಳ್ತಾರೇನೋ ಅನ್ಸುತ್ತೆ.

ಆಮೇಲೆ ಹೊಳೆದದ್ದು ‘ಒಪ್ಪಿಸು’ ಮತ್ತು ‘ಒಪ್ಪಿಕೊ’. ಒಂದೇ ಬೇರು, ಕೊಡುವವರಿಗೊಂದು ಬಟನ್, ತಗೊಳ್ಳುವವರಿಗೊಂದು. ಹಳೆಯ ಶಾಸನಗಳಲ್ಲಿ ‘ಒಪ್ಪ’ ಅಂದರೆ ಸಹಿ, ವಿಜಯನಗರದ ಶಾಸನಗಳ ಕೊನೆಗೆ ಬರುವ ‘ಶ್ರೀ ವಿರೂಪಾಕ್ಷ’ ಅಂಥದ್ದೇ ಒಪ್ಪ. ಡಿಜಿಟಲ್ ಸಹಿ ಹಾಕುವ ಕೆಲಸಕ್ಕೆ ಇದಕ್ಕಿಂತ ಹತ್ತಿರದ ನೆಂಟ ಎಲ್ಲಿ ಸಿಗುತ್ತೆ, ಅಲ್ವಾ? ತೊಡಕೂ ಇದೆ. ‘ಒಪ್ಪಿಸು’ ಅಂದರೆ ಮಗ್ಗಿ ಒಪ್ಪಿಸೋದೂ ಹೌದು, ಪೊಲೀಸರಿಗೆ ಒಪ್ಪಿಸೋದೂ ಹೌದು. ‘ಒಪ್ಪಿಕೊ’ ಅಂದರೆ ತಪ್ಪೊಪ್ಪಿಗೆ! ಹಿಂದಿನವರು ಸಹಿ ಹಾಕಿ ಸಲ್ಲಿಸಿದ ಶಿಪ್ಪಿಂಗ್ ಬಿಲ್‌ನಲ್ಲಿ ತೂಕ ತಪ್ಪಿದ್ದರೆ ಅದನ್ನೂ ಹೊಸಬರೇ ಒಪ್ಪಿಕೊಂಡಂತೆ ಕೇಳಿಸುತ್ತದಾ? ಹಾಗಾಗಬಾರದು. ಡಿಜಿಟಲ್ ಸಹಿ ಒಬ್ಬೊಬ್ಬರ ಹೆಸರಿನದು. ಕಡತ ಒಪ್ಪಿಸಬಹುದು, ಸಹಿಯ ಟೋಕನ್ (ಸಹಿ ಹಾಕಲು ಕಂಪ್ಯೂಟರಿಗೆ ಚುಚ್ಚುವ ಕಡ್ಡಿ) ಒಪ್ಪಿಸುವಂತಿಲ್ಲ. ಅದಕ್ಕೆ ‘ಹೊಣೆ ಒಪ್ಪಿಸು’, ‘ಹೊಣೆ ವಹಿಸಿಕೊ’ ಅಂತ ಜೋಡಿ ಮಾಡಲೇ? ಜೋಡಿ ಕೆಡುತ್ತೆ, ಅದೊಂದೇ ಬೇಜಾರು.

ಇನ್ನೊಂದು ಪ್ರಶ್ನೆ ಬಿಲ್ ಆಫ್ ಲೇಡಿಂಗ್‌ದು, ಅಂದರೆ ಮಾಲು ತಗೊಂಡಿದ್ದಕ್ಕೆ ಹಡಗಿನವರು ಕೊಡುವ ಪತ್ರದ್ದು. ಅಲ್ಲಿ ಕೈ ಬದಲಾಗೋದು ಕೆಲಸವಲ್ಲ, ಮಾಲಿನ ಮೇಲಿನ ಹಕ್ಕು. ಕಾಗದದ ಕಾಲದಲ್ಲಿ ಅಸಲು ಪ್ರತಿಯ ಬೆನ್ನಿಗೆ ಸಹಿ ಹಾಕಿ ಕೊಟ್ಟರೆ ಮುಗಿಯಿತು, ಪ್ರತಿ ಯಾರ ಕೈಲಿದೆಯೋ ಮಾಲು ಬಿಡಿಸಿಕೊಳ್ಳೋದು ಅವರು. ಕಂಪ್ಯೂಟರಿನಲ್ಲಿ ನಕಲಿಗೂ ಅಸಲಿಗೂ ವ್ಯತ್ಯಾಸವೇ ಇಲ್ಲವಲ್ಲ. ಹಾಗಾಗಿ ಇಂಥ ಎಲೆಕ್ಟ್ರಾನಿಕ್ ಪತ್ರಗಳಿಗೆಂದೇ ಇರುವ ವಿಶ್ವಸಂಸ್ಥೆಯ 2017ರ ಮಾದರಿ ಕಾನೂನು ಕೈಲಿರುವುದರ ಬದಲು ‘ಕಂಟ್ರೋಲ್’ ಅನ್ನುವುದನ್ನು ಹಿಡಿಯಿತು, ಬ್ರಿಟನ್ನಿನ 2023ರ ಕಾಯ್ದೆಯಲ್ಲೂ ಒಂದು ಸಲಕ್ಕೆ ಒಬ್ಬರದೇ ಕಂಟ್ರೋಲ್ ಇರಬೇಕು ಅನ್ನೋದೇ ಮುಖ್ಯ. ಇದಕ್ಕೆ ನಾನು ‘ಹತೋಟಿ’ ಇಟ್ಟಿದ್ದೇನೆ. ‘ಸ್ವಾಧೀನ’ ಅಂದರೆ ನಮ್ಮ ಕಡೆ ಸರ್ಕಾರ ಜಮೀನು ಕಿತ್ತುಕೊಳ್ಳೋದೇ ಮೊದಲು ತಲೆಗೆ ಬರೋದು.

ಬಂದರಿನಲ್ಲಿ, ಸಿಎಚ್‌ಎ (ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಏಜೆಂಟರ) ಆಫೀಸುಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ: ಕಡತದ ಕೆಲಸ ಒಪ್ಪಿಸೋದು, ಮಾಲಿನ ಹಕ್ಕು ಕೈ ಬದಲಾಗೋದು, ಈ ಎರಡಕ್ಕೂ ನೀವು ಒಂದೇ ಮಾತು ಬಳಸುತ್ತಿದ್ದಿರಾ?