ಮಿಷನ್ ಓಡ್ತಿದೆ, ಸ್ಯಾಚುರೇಶನ್ ಏಳ್ತಿಲ್ಲ: ಬಯೋಮೆಡಿಕಲ್ ಎಂಜಿನಿಯರ್‌ಗೆ ಪ್ರಶ್ನೆಗಳು (ಕೇಳಿದವರ ಹೆಸರಿನ ಬದಲು ಬಡಾವಣೆ)

ಬನಶಂಕರಿ: ಸರ್, ಅಪ್ಪನಿಗೆ ಸಿಒಪಿಡಿ, ಶ್ವಾಸಕೋಶದ ದೀರ್ಘಕಾಲದ ಕಾಯಿಲೆ. ಡಾಕ್ಟರ್ ಬರೆದಿರೋದು ನಿಮಿಷಕ್ಕೆ 2 ಲೀಟರ್ ಆಕ್ಸಿಜನ್. ಮಿಷನ್ ಸೆಕೆಂಡ್ ಹ್ಯಾಂಡ್ ಆಕ್ಸಿಜನ್ ಕಾನ್ಸಂಟ್ರೇಟರ್, ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸೋದು. 91 ಇರ್ತಿದ್ದ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ಈಗ 85. ಫ್ಲೋ 4 ಮಾಡಿದ್ರೂ ಅಷ್ಟೇ. ಅಲಾರಂ ಇಲ್ಲ.

ಎಂಜಿನಿಯರ್: ಈಗಲೇ ಡಾಕ್ಟರಿಗೆ ಫೋನ್ ಮಾಡಿ. ಮಂಪರು ಇದ್ರೆ, ತುಟಿ ನೀಲಿಯಾಗಿದ್ರೆ ನೇರ 108. ಬಿ ಟೈಪ್ ಸಿಲಿಂಡರ್ ಬಾಡಿಗೆಗೆ ತರಿಸಿ, 2 ಲೀಟರಿಗೆ ಸುಮಾರು 12 ಗಂಟೆ ಬರುತ್ತೆ. ಫ್ಲೋ ನೀವಾಗಿ ಏರಿಸಬೇಡಿ. ಸಿಒಪಿಡಿಯಲ್ಲಿ ಆಕ್ಸಿಜನ್ ಅತಿಯಾದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತೆ.

ಸಿಲಿಂಡರಿನ 2 ಲೀಟರಿಗೆ ಸ್ಯಾಚುರೇಶನ್ 90 ಮುಟ್ಟಿದ್ರೆ ಮಿಷನ್ ಮೇಲೇ ಅನುಮಾನ. ಫ್ಲೋಮೀಟರ್ ಗುಂಡು ತೋರಿಸೋದು ಎಷ್ಟು ಗಾಳಿ ಬರ್ತಿದೆ ಅಂತ, ಅದರಲ್ಲಿ ಆಕ್ಸಿಜನ್ ಎಷ್ಟು ಅಂತಲ್ಲ. ಒಳಗೆ ಜಿಯೊಲೈಟ್ ಅನ್ನೋ ಸಣ್ಣ ಕಾಳು ತುಂಬಿದ ಎರಡು ಡಬ್ಬಿ. ಒಂದು ನೈಟ್ರೋಜನ್ ಹಿಡಿಯುವಾಗ ಇನ್ನೊಂದು ಹೊರಗೆ ಬಿಡುತ್ತೆ. ತಿಂಗಳುಗಟ್ಟಲೆ ಮೂಲೆಗಿಟ್ಟ ಮಿಷನ್ನಲ್ಲಿ ಜಿಯೊಲೈಟ್ ತೇವ ಕುಡಿದು ಸತ್ತಿರಬಹುದು. ಶೇ. 90 ದಾಟಬೇಕಾದ ಶುದ್ಧತೆ 60ಕ್ಕೆ ಬಿದ್ದಿದ್ರೂ ಗುಂಡು ಅಲ್ಲಾಡಲ್ಲ. 15 ನಿಮಿಷ ಓಡಿಸಿ, ಆಕ್ಸಿಜನ್ ಶುದ್ಧತೆ ಅಳೆಯೋ ಅನಲೈಸರ್‌ನಲ್ಲಿ ಅಳೆಸಿ. ಶುದ್ಧತೆ 82ಕ್ಕಿಂತ ಕೆಳಗಿದ್ರೆ ಮಿಷನ್ ಮುಟ್ಟಲೇಬೇಡಿ.

ಅಲಾರಂ ಬರದಿದ್ರೆ ಬಹುಶಃ ಆಕ್ಸಿಜನ್ ಸೆನ್ಸರೇ ಇಲ್ಲ. ರೇಟ್ ಇಳಿಸೋಕೆ ರಿಮೋಟ್ ಬಿಡಲಿ, ಬಣ್ಣದ ಡಿಸ್‌ಪ್ಲೇ ಬಿಡಲಿ. ಕೆಟ್ಟಿದೀನಿ ಅಂತ ಹೇಳೋ ಭಾಗವನ್ನ ಕಿತ್ತು ಮಾರೋದು ಅನ್ಯಾಯ.

ಯಲಹಂಕ: ನೆಬ್ಯುಲೈಸರ್ (ಔಷಧಿನ ಮಂಜು ಮಾಡಿ ಉಸಿರಿಗೆ ಕೊಡೋ ಮಿಷನ್) ಇದ್ರೆ ಸಿಲಿಂಡರ್ ಬೇಡ ಅಂತ ವಿಡಿಯೋ ಬಂದಿದೆ, ಹಾಕ್ಲಾ?

ಎಂಜಿನಿಯರ್: ಬೇಡ. 2021ರ ಸುಳ್ಳು ಅದು. ನೆಬ್ಯುಲೈಸರ್ ಊದೋದು ರೂಮಿನ ಗಾಳಿ, ಶೇ. 21 ಆಕ್ಸಿಜನ್.

ವಿಜಯನಗರ: ಕರ್ಪೂರ, ಓಮ, ಲವಂಗದ ಗಂಟು ಮೂಸಿದ್ರೆ?

ಎಂಜಿನಿಯರ್: ಏರಲ್ಲ. ಆಕ್ಸಿಜನ್ ಇರೋ ರೂಮಲ್ಲಿ ಕರ್ಪೂರ, ದೇವರ ದೀಪ ಹಚ್ಚಲೇಬೇಡಿ. ಈ ಫಾರ್ವರ್ಡ್‌ಗಳನ್ನ ದಯವಿಟ್ಟು ನಿಲ್ಲಿಸಿ.

ಪೀಣ್ಯ: ಸೆನ್ಸರ್ ಹಾಕಿದ್ರೆ ರೇಟ್ ಏರುತ್ತೆ ಸರ್. ಏನೂ ಇಲ್ಲದವರಿಗೆ ಶೇ. 60 ಆದ್ರೂ ಸಿಗಲಿ.

ಜಯನಗರ: ಬಡವರಿಗೆ ಕೆಟ್ಟ ಮಿಷನ್ ಸಾಕಾ? 2021 ಜೂನ್‌ನಲ್ಲಿ ಕಾನ್ಸಂಟ್ರೇಟರ್ ವ್ಯಾಪಾರಿಗಳ ಮಾರ್ಜಿನ್‌ಗೆ ಸರ್ಕಾರ ಶೇ. 70ರ ಮಿತಿ ಹಾಕ್ಬೇಕಾಯ್ತು. ದುಡ್ಡು ಹೋಗ್ತಿದ್ದದ್ದು ಸೆನ್ಸರ್‌ಗಲ್ಲ.

ಪೀಣ್ಯ: ಮಾರ್ಜಿನ್ ಬೇರೆ, ತಯಾರಿಕೆ ಖರ್ಚು ಬೇರೆ. ತಿಳ್ಕೊಂಡು ಮಾತಾಡಿ.

ಜಯನಗರ: ನಿಮ್ಮ ಮನೆಯವರಿಗೆ ಅದನ್ನ ಹಾಕ್ತೀರಾ? ಅಷ್ಟು ಹೇಳಿ.

ಎಂಜಿನಿಯರ್: ಶೇ. 60 ಬರೀ ಗಾಳಿಗಿಂತ ಮೇಲು, ಒಪ್ತೀನಿ. ಆದ್ರೆ 60 ಅಂತ ಗೊತ್ತಿರಬೇಕು. ಡಾಕ್ಟರ್ ಶೇ. 90 ಶುದ್ಧತೆಯ ಲೆಕ್ಕದಲ್ಲಿ ಲೀಟರ್ ಬರೆದಿರ್ತಾರೆ.

ಹೆಬ್ಬಾಳ: ಪಲ್ಸ್ ಆಕ್ಸಿಮೀಟರ್ ಯಾವುದು ತಗೊಳ್ಳಲಿ?

ಕೆಂಗೇರಿ: ಇನ್ವರ್ಟರ್ ಮೇಲೆ ಎಷ್ಟು ಹೊತ್ತು ಓಡುತ್ತೆ?

ಎಂಜಿನಿಯರ್: ಕೆಂಗೇರಿಯವರೇ, ಮೂರನೇ ಸಲ ಕೇಳ್ತಿದೀರಿ. 350 ವ್ಯಾಟ್ ಮಿಷನ್, 150 ಎಎಚ್ ಹೊಸ ಬ್ಯಾಟರಿ: 3 ಗಂಟೆ. ಸೈನ್ ವೇವ್ ಇನ್ವರ್ಟರ್ ಮಾತ್ರ.

ಬನಶಂಕರಿ: ಡಾಕ್ಟರ್ ನೋಡಿದ್ರು. ಸಿಲಿಂಡರ್ 2 ಲೀಟರಲ್ಲಿ ಸ್ಯಾಚುರೇಶನ್ 90 ಬಂತು. ಅನಲೈಸರ್‌ನಲ್ಲಿ ಮಿಷನ್ ಶುದ್ಧತೆ ಶೇ. 58.

ಎಂಜಿನಿಯರ್: ಆಫ್ ಮಾಡಿ. ಡಬ್ಬಿ ಬದಲಿಸೋದಾದ್ರೆ ಎರಡನ್ನೂ ಒಟ್ಟಿಗೆ ಬದಲಿಸಿ, ಮತ್ತೆ ಅಳೆಸದೆ ಅಪ್ಪನಿಗೆ ಹಾಕಬೇಡಿ.