ಸಹಾಯ ಬೇಕು: ಆಯಿಯ ಕೋಣೆ ಬೆಚ್ಚಗಿಡಲು ಒಳ್ಳೆ ಇದ್ದಿಲು ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಹಳೇ ಹಂಚಿನ ಮನೆ. ಆಯಿಗೆ ಮಂಡಿನೋವು. ಚಳಿ ಶುರುವಾದರೆ ರಾತ್ರಿ ನಿದ್ದೆಯೇ ಇಲ್ಲ. ಕರೆಂಟ್ ನಂಬಿ ಹೀಟರ್ ಇಡುವ ಹಾಗಿಲ್ಲ.

ಅಡಿಕೆ ಸಿಪ್ಪೆ ಉರಿಸಿದರೆ ಹೊಗೆ ಜಾಸ್ತಿ, ಕೆಮ್ಮು ಬರುತ್ತದೆ. ಹಾಗಾಗಿ ಇದ್ದಿಲು ಬೇಕು. ಪೇಟೆಯಿಂದ ತಂದ ಚೀಲದಲ್ಲಿ ಅರ್ಧ ಬರೀ ಪುಡಿ. ಉಳಿದ ತುಂಡುಗಳಿಗೆ ಥಂಡಿ ಹಿಡಿದಿತ್ತು. ಹಚ್ಚಿದರೆ ಚಟಪಟ ಸಿಡಿದು ಕಿಡಿ ಚಾಪೆ ಮೇಲೆ ಬೀಳುತ್ತಿತ್ತು. ಒಳ್ಳೆ ಇದ್ದಿಲು ಹಗುರ ಇರುತ್ತದೆ, ಒಂದಕ್ಕೊಂದು ತಾಗಿಸಿದರೆ ಠಣ್ ಅನ್ನುತ್ತದೆ. ಅಂಥದ್ದು ಬೇಕು. ತೆಂಗಿನ ಕರಟದ್ದಾದರೆ ಇನ್ನೂ ಒಳ್ಳೆಯದು, ಕೆಂಡ ತುಂಬಾ ಹೊತ್ತು ನಿಲ್ಲುತ್ತದೆ. ಕುಮಟಾ, ಹೊನ್ನಾವರ, ಅಂಕೋಲಾ ಕಡೆ ಯಾರಾದರೂ ಸುಟ್ಟು ಮಾರುತ್ತಾರಾ?

ಕಲ್ಲಿದ್ದಲು ತರಿಸಿ ಎಂದು ಒಬ್ಬರು ಹೇಳಿದರು. ನನಗೆ ಮನಸ್ಸಿಲ್ಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ಕೆಳಗಿಂದ ಗಾಳಿ ಆಡುವ ಜಾಲರಿ, ಹೊಗೆ ಕೊಳವೆ ಇಲ್ಲದೆ ಅದು ಸರಿಯಾಗಿ ಉರಿಯುವುದೂ ಇಲ್ಲ.

ಹೊಗೆ ಕಾಣುವುದಿಲ್ಲ ಅಂತ ಕೆಂಡ ಇಟ್ಟು ಬಾಗಿಲು ಮುಚ್ಚಿ ಮಲಗಬಾರದು, ಅಲ್ವಾ? ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳದೇ ಹೋಗಬಹುದು. ನನಗೆ ಅದೇ ದೊಡ್ಡ ಹೆದರಿಕೆ. ಅದಕ್ಕೆ ಮಾಡಿನ ಮೇಲೆ ಕೊಳವೆ ಹೋಗುವ ಕಬ್ಬಿಣದ ಒಲೆ ಮಾಡಿಸಬೇಕು. ಹಂಚಿನ ಕೆಳಗಿನ ರೀಪಿಗೆ ಬಿಸಿ ತಾಗದ ಹಾಗೆ ಕೂರಿಸಲು ಗೊತ್ತಿರುವವರು ಬೇಕು. ಸಿದ್ದಾಪುರ, ಯಲ್ಲಾಪುರದವರಾದರೂ ಆಯ್ತು.

ಮನೆಯಲ್ಲಿ ಇಂಥ ಒಲೆ ಇಟ್ಟುಕೊಂಡವರು ಫೋಟೊ ಹಾಕಿ, ಇದ್ದಿಲ ಚೀಲದ ದರವನ್ನೂ ತಿಳಿಸಿ. ದಯವಿಟ್ಟು.